ಕಾಲೇಜು ಖಾತೆ ತೆರೆಯುತ್ತಿಲ್ಲವೇ? ಮುಂಬಯಿ, ಪುಣೆ, ಗೋವಾದ ಕನ್ನಡ ವಿದ್ಯಾರ್ಥಿಗಳಿಗೊಂದು ದೋಷ ನಿವಾರಣೆ ಕೈಪಿಡಿ

ಪರೀಕ್ಷಾ ಅರ್ಜಿಯ ಕೊನೆಯ ದಿನಗಳಲ್ಲಿ ಕಾಲೇಜುಗಳ ಕಂಪ್ಯೂಟರ್ ವಿಭಾಗಕ್ಕೆ ಬರುವ ದೂರು ಸಾಮಾನ್ಯವಾಗಿ ಒಂದೇ ವಾಕ್ಯದ್ದು: "ಲಾಗಿನ್ ಆಗುತ್ತಿಲ್ಲ." ಈ ಒಂದು ವಾಕ್ಯದ ಹಿಂದೆ ಹಲವು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಆದರೆ ಬಹುಪಾಲು ವಿದ್ಯಾರ್ಥಿಗಳು ದೋಷ ಯಾವುದೆಂದು ನೋಡುವ ಮೊದಲೇ 'ಪಾಸ್‌ವರ್ಡ್ ಮರೆತಿದ್ದೇನೆ' ಎಂಬ ಕೊಂಡಿಯನ್ನು ಒತ್ತುತ್ತಾರೆ. ಪಾಸ್‌ವರ್ಡ್ ಸರಿಯಾಗಿಯೇ ಇದ್ದು, ತೊಂದರೆ ಮೊಬೈಲ್ ಸಂಖ್ಯೆಯಲ್ಲೋ ಹೆಸರಿನಲ್ಲೋ ಇದ್ದಾಗ, ಹೀಗೆ ಒತ್ತುವುದರಿಂದ ಸರಿಯಿದ್ದದ್ದೂ ಕೆಡುತ್ತದೆ.

ಮೊದಲು ತಿಳಿಯಬೇಕಾದದ್ದು ನಿಮಗೆ ಇರುವುದು ಒಂದು ಖಾತೆಯಲ್ಲ ಎಂಬುದು. ಕಾಲೇಜು ಕೊಟ್ಟ ಇಮೇಲ್ ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಸೇವೆಯ ಮೇಲೆ ನಡೆಯುತ್ತದೆಯಾದರೂ ಅದರ ಒಡೆತನ ಕಾಲೇಜಿನದು. ಮುಂಬಯಿ ವಿಶ್ವವಿದ್ಯಾಲಯವಿರಲಿ, ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯವಿರಲಿ, ಗೋವಾ ವಿಶ್ವವಿದ್ಯಾಲಯವಿರಲಿ, ಅವುಗಳ ವಿದ್ಯಾರ್ಥಿ ಪೋರ್ಟಲ್ ಬೇರೆಯದೇ. ಡಿಜಿಲಾಕರ್ ಮತ್ತು ಅದರ ಮೂಲಕ ಪಡೆಯುವ ಎಬಿಸಿ ಅಥವಾ ಅಪಾರ್ ಐಡಿ (ಓದಿನ ಕ್ರೆಡಿಟ್‌ಗಳ ಲೆಕ್ಕ ಇಡಲು ಕೊಡುವ ವಿದ್ಯಾರ್ಥಿ ಗುರುತಿನ ಸಂಖ್ಯೆ) ಕೇಂದ್ರ ಸರ್ಕಾರದ ವ್ಯವಸ್ಥೆಗೆ ಸೇರಿದ್ದು. ವಿದ್ಯಾರ್ಥಿವೇತನದ ಮಹಾಡಿಬಿಟಿ ಮಹಾರಾಷ್ಟ್ರ ಸರ್ಕಾರದ್ದು. ಒಂದರ ಪಾಸ್‌ವರ್ಡ್ ಬದಲಿಸಿದರೆ ಇನ್ನೊಂದು ತೆರೆಯುವುದಿಲ್ಲ. ಒಂದರ ಸಿಬ್ಬಂದಿಗೆ ಇನ್ನೊಂದನ್ನು ಸರಿಪಡಿಸುವ ಅಧಿಕಾರವೂ ಇಲ್ಲ. ಆದ್ದರಿಂದ ಯಾವ ಖಾತೆ ತೆರೆಯುತ್ತಿಲ್ಲ, ಪರದೆಯ ಮೇಲೆ ಬಂದ ಸೂಚನೆಯ ಪದಗಳೇನು, ಎಷ್ಟು ಗಂಟೆಗೆ ಬಂತು ಎಂಬುದನ್ನು ಬರೆದಿಟ್ಟುಕೊಂಡೇ ಮುಂದೆ ಹೋಗಿ. ಸ್ಕ್ರೀನ್‌ಶಾಟ್ ತೆಗೆದರೆ ಇನ್ನೂ ಒಳ್ಳೆಯದು.

ಲಕ್ಷಣ: "ಪಾಸ್‌ವರ್ಡ್ ತಪ್ಪಾಗಿದೆ" ಎಂದು ಬರುತ್ತಿದೆ

ಈ ಸೂಚನೆ ಬಂದರೆ ಒಂದು ಸಮಾಧಾನವುಂಟು: ಖಾತೆ ಸಾಮಾನ್ಯವಾಗಿ ಜೀವಂತವಾಗಿಯೇ ಇರುತ್ತದೆ. "ಇಂಥ ಖಾತೆಯೇ ಇಲ್ಲ" ಎಂದು ಬಂದರೆ ನೀವು ಬರೆದ ವಿಳಾಸ ತಪ್ಪಾಗಿದೆ ಅಥವಾ ಕಾಲೇಜು ಇನ್ನೂ ಖಾತೆ ತೆರೆದಿಲ್ಲ ಎಂದರ್ಥ. "ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ" ಎಂದಿದ್ದರೆ ನಿಮ್ಮ ಕೈಯಲ್ಲಿ ಮಾಡುವುದೇನೂ ಉಳಿದಿಲ್ಲ, ನೇರವಾಗಿ ಕಾಲೇಜಿನ ಕಚೇರಿಗೆ ಹೋಗಬೇಕು.

ಪಾಸ್‌ವರ್ಡ್ ತಪ್ಪು ಎಂದಾಗ ಖರ್ಚಿಲ್ಲದ ಪರೀಕ್ಷೆಗಳಿಂದ ಶುರುಮಾಡಿ. ಫೋನಿನ ಕೀಬೋರ್ಡ್ ಕನ್ನಡದಲ್ಲಿ ಉಳಿದಿದೆಯೇ, ಮೊದಲ ಅಕ್ಷರ ತಾನಾಗಿ ದೊಡ್ಡಕ್ಷರವಾಗುತ್ತಿದೆಯೇ ಎಂದು ನೋಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಾಸ್‌ವರ್ಡನ್ನು ಕಾಪಿ ಮಾಡಿ ಅಂಟಿಸುವಾಗ ಕೊನೆಯಲ್ಲೊಂದು ಖಾಲಿ ಜಾಗ ಸೇರಿಕೊಳ್ಳುವುದು ಬಹಳ ಸಾಮಾನ್ಯ; ಆ ಜಾಗ ಕಣ್ಣಿಗೆ ಕಾಣುವುದಿಲ್ಲ, ಆದರೆ ವ್ಯವಸ್ಥೆ ಅದನ್ನೂ ಒಂದು ಅಕ್ಷರವೆಂದೇ ಎಣಿಸುತ್ತದೆ. ಬ್ರೌಸರ್ ಹಳೆಯ ಪಾಸ್‌ವರ್ಡನ್ನು ತಾನಾಗಿ ತುಂಬುತ್ತಿರಬಹುದು, ಹಾಗಾಗಿ ಅಳಿಸಿ ಕೈಯಿಂದಲೇ ಬರೆಯಿರಿ. ಬಳಕೆದಾರರ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ ಬೇಕೋ, ಪಿಆರ್‌ಎನ್ (ವಿಶ್ವವಿದ್ಯಾಲಯ ಕೊಡುವ ಕಾಯಂ ನೋಂದಣಿ ಸಂಖ್ಯೆ) ಬೇಕೋ ಎಂಬುದನ್ನೂ ಓದಿಕೊಳ್ಳಿ.

ಇಷ್ಟರಲ್ಲಿ ಸರಿಯಾಗದಿದ್ದರೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಅದೇ ಪುಟವನ್ನು ತೆರೆದು ಪ್ರಯತ್ನಿಸಿ. ಅಲ್ಲಿ ತೆರೆದರೆ ದೋಷ ಖಾತೆಯದಲ್ಲ, ಬ್ರೌಸರಿನಲ್ಲಿ ಉಳಿದಿರುವ ಹಳೆಯ ಕುಕಿಗಳದ್ದು (ತಾಣಗಳು ಬ್ರೌಸರಿನಲ್ಲಿ ಉಳಿಸಿಡುವ ಪುಟ್ಟ ಮಾಹಿತಿ ಕಡತಗಳು) ಅಥವಾ ನಿಮ್ಮ ಸ್ವಂತ ಜಿಮೇಲ್ ಖಾತೆ ಅಡ್ಡ ಬರುತ್ತಿರುವುದು. ಗೂಗಲ್ ಕ್ಲಾಸ್‌ರೂಮ್‌ನ ಕಡತವನ್ನು ತೆರೆಯಲು ಹೋದಾಗ "ನಿಮಗೆ ಅನುಮತಿ ಇಲ್ಲ" ಎಂದು ಬಂದರೆ ಬಹುಪಾಲು ಕಾರಣ ಇದೇ: ಕಡತವನ್ನು ಕಾಲೇಜಿನ ಖಾತೆಗೆ ಹಂಚಲಾಗಿದೆ, ನೀವು ಕೇಳುತ್ತಿರುವುದು ಸ್ವಂತ ಖಾತೆಯಿಂದ.

ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಒತ್ತಿದಾಗ "ನಿಮ್ಮ ಅಡ್ಮಿನ್ (ಅಂದರೆ ಕಾಲೇಜಿನ ಖಾತೆಗಳನ್ನು ನೋಡಿಕೊಳ್ಳುವವರು) ಅವರನ್ನು ಸಂಪರ್ಕಿಸಿ" ಎಂದು ಬಂದರೆ ಅಲ್ಲಿಗೆ ನಿಲ್ಲಿಸಿ. ಕಾಲೇಜು ಸ್ವಯಂ ಮರುಹೊಂದಿಸುವ ಸೌಲಭ್ಯವನ್ನು ಮುಚ್ಚಿದೆ ಎಂದು ಅದರರ್ಥ. ಇಂಟರ್‌ನೆಟ್‌ನಲ್ಲಿ ಹುಡುಕಿ ಸಿಕ್ಕ ಯಾವುದೋ 'ಕಸ್ಟಮರ್ ಕೇರ್' ಸಂಖ್ಯೆಗೆ ಕರೆ ಮಾಡಬೇಡಿ. ಕಾಲೇಜಿನ ಖಾತೆಯನ್ನು ತೆರೆದುಕೊಡಲು ಹೊರಗಿನವರಿಂದ ಸಾಧ್ಯವೇ ಇಲ್ಲ, ಸಾಧ್ಯವೆನ್ನುವವನು ವಂಚಕ.

ಲಕ್ಷಣ: ಪಾಸ್‌ವರ್ಡ್ ಬದಲಿಸಿದ ಮೇಲೆ ಖಾತೆ ಪದೇ ಪದೇ ಲಾಕ್ ಆಗುತ್ತಿದೆ

ಕಚೇರಿಯಲ್ಲಿ ಲಾಕ್ ತೆಗೆಸಿಕೊಂಡು ಬರುತ್ತೀರಿ, ಅರ್ಧ ಗಂಟೆಯಲ್ಲಿ ಮತ್ತೆ ಲಾಕ್. ಯಾರೋ ಖಾತೆಗೆ ಕನ್ನ ಹಾಕುತ್ತಿದ್ದಾರೆಂದು ಗಾಬರಿಯಾಗುವುದು ಸಹಜವಾದರೂ, ಹೆಚ್ಚಿನ ಸಂದರ್ಭಗಳಲ್ಲಿ ಆ 'ಯಾರೋ' ನಿಮ್ಮದೇ ಹಳೆಯ ಫೋನು. ಕ್ಯಾಂಪಸ್ಸಿನ ವೈ-ಫೈಗೆ ಅಥವಾ ಎಡುರೋಮ್‌ಗೆ (ಶಿಕ್ಷಣ ಸಂಸ್ಥೆಗಳು ಹಂಚಿಕೊಳ್ಳುವ ವೈ-ಫೈ ಸೇವೆ) ಕಾಲೇಜಿನ ಖಾತೆಯ ಪಾಸ್‌ವರ್ಡೇ ಬಳಕೆಯಾಗುವ ಕಡೆ, ಬ್ಯಾಗಿನೊಳಗಿರುವ ಫೋನು ಗ್ರಂಥಾಲಯದ ಹತ್ತಿರ ಬಂದಾಗಲೆಲ್ಲ ತನ್ನಲ್ಲಿ ಉಳಿದಿರುವ ಹಳೆಯ ಪಾಸ್‌ವರ್ಡನ್ನು ಸದ್ದಿಲ್ಲದೆ ಕಳುಹಿಸುತ್ತಲೇ ಇರುತ್ತದೆ. ತಪ್ಪು ಪ್ರಯತ್ನಗಳು ಕಾಲೇಜು ನಿಗದಿಪಡಿಸಿದ ಮಿತಿಯನ್ನು ದಾಟಿದ ಕೂಡಲೇ ಖಾತೆ ಬೀಗ ಹಾಕಿಕೊಳ್ಳುತ್ತದೆ.

ಪರೀಕ್ಷಿಸುವ ಬಗೆ ಸುಲಭ. ನಿಮ್ಮ ಎಲ್ಲ ಸಾಧನಗಳಲ್ಲೂ, ಅಂದರೆ ಫೋನು, ಲ್ಯಾಪ್‌ಟಾಪು, ತಮ್ಮನಿಗೆ ಕೊಟ್ಟ ಟ್ಯಾಬು, ಎಲ್ಲದರಲ್ಲೂ ವೈ-ಫೈ ಆರಿಸಿಟ್ಟು ಲಾಕ್ ತೆಗೆಸಿಕೊಳ್ಳಿ. ನಂತರ ಒಂದೊಂದನ್ನೇ ಆನ್ ಮಾಡುತ್ತಾ ಬನ್ನಿ. ಯಾವುದನ್ನು ಆನ್ ಮಾಡಿದ ಮೇಲೆ ಲಾಕ್ ಮರಳಿತೋ ಅದರಲ್ಲಿ ಆ ವೈ-ಫೈ ಹೆಸರನ್ನು ಪೂರ್ತಿ ಮರೆಸಿ, ಇಮೇಲ್ ಆ್ಯಪ್‌ನಲ್ಲಿರುವ ಹಳೆಯ ಖಾತೆಯನ್ನೂ ತೆಗೆದು, ಹೊಸ ಪಾಸ್‌ವರ್ಡಿನೊಂದಿಗೆ ಮತ್ತೆ ಸೇರಿಸಿ. ಎಲ್ಲ ಸಾಧನಗಳೂ ಆರಿರುವಾಗಲೂ ಖಾತೆ ಲಾಕ್ ಆದರೆ ಮಾತ್ರ ಹೊರಗಿನವರ ಕೈವಾಡವನ್ನು ಶಂಕಿಸಬೇಕು. ಆಗ ಈ ಬರಹದ ಕೊನೆಯ ಲಕ್ಷಣಕ್ಕೆ ಹೋಗಿ.

ಎಡುರೋಮ್ ಬಗ್ಗೆ ಒಂದು ಎಚ್ಚರಿಕೆ. ಭಾರತದಲ್ಲಿ ಇದನ್ನು ನಡೆಸುವುದು ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆ ಜಾಲ ಸೇವೆ ಕೊಡುವ ಅರ್ನೆಟ್ ಇಂಡಿಯಾ. ಸದಸ್ಯ ಸಂಸ್ಥೆಯ ವಿದ್ಯಾರ್ಥಿ ಬೇರೊಂದು ಸದಸ್ಯ ಸಂಸ್ಥೆಗೆ ಹೋದಾಗಲೂ ತನ್ನದೇ ಖಾತೆಯಿಂದ ಸಂಪರ್ಕ ಪಡೆಯಬಹುದು. ಬಳಕೆದಾರರ ಹೆಸರಿನಲ್ಲಿ @ ಚಿಹ್ನೆಯ ನಂತರದ ಭಾಗವನ್ನು ಬಿಟ್ಟರೆ ನಿಮ್ಮ ಕೋರಿಕೆ ಯಾವ ಸಂಸ್ಥೆಗೆ ಹೋಗಬೇಕೆಂಬುದೇ ತಿಳಿಯದೆ ಬೇರೆ ಕ್ಯಾಂಪಸ್ಸಿನಲ್ಲಿ ಸಂಪರ್ಕ ಸಿಗುವುದಿಲ್ಲ. ಸಂಪರ್ಕಿಸುವಾಗ ಪ್ರಮಾಣಪತ್ರದ (ಆ ವೈ-ಫೈ ಅಸಲಿಯೆಂದು ತೋರಿಸುವ ಡಿಜಿಟಲ್ ಗುರುತಿನ) ಪ್ರಶ್ನೆ ಬಂದರೆ 'ಪರಿಶೀಲಿಸಬೇಡ' ಎಂದು ಒತ್ತಿಬಿಡು ಎನ್ನುವ ಗೆಳೆಯರಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ: ಅದೇ ಹೆಸರಿನ ನಕಲಿ ವೈ-ಫೈ ಹಾಕಿ ಕುಳಿತವನಿಗೆ ನಿಮ್ಮ ಪಾಸ್‌ವರ್ಡನ್ನು ಕದಿಯಲು ಅದು ದಾರಿ ಮಾಡಿಕೊಡುತ್ತದೆ. ಸಂಸ್ಥೆ ಕೊಟ್ಟ ಸೆಟ್ಟಿಂಗ್ ಕಡತವನ್ನೇ ಬಳಸಿ.

ಲಕ್ಷಣ: ಒಟಿಪಿ ಬರುತ್ತಿಲ್ಲ

ಮುಂಬಯಿ, ಪುಣೆಗಳಿಗೆ ಓದಲು ಬಂದ ಕನ್ನಡದ ಮಕ್ಕಳಲ್ಲಿ ಈ ದೋಷಕ್ಕೆ ಒಂದು ವಿಶೇಷ ಕಾರಣವಿದೆ. ಊರಿನಲ್ಲಿ ಆಧಾರ್ ಮಾಡಿಸುವಾಗ ಅಪ್ಪನದೋ ಚಿಕ್ಕಪ್ಪನದೋ ಮೊಬೈಲ್ ಸಂಖ್ಯೆ ಕೊಟ್ಟಿರುತ್ತಾರೆ. ಇಲ್ಲಿ ನೀವು ಪರದೆಯ ಮುಂದೆ ಕಾಯುತ್ತಿದ್ದರೆ, ಒಟಿಪಿ ಅಲ್ಲಿ ಹುಬ್ಬಳ್ಳಿಯಲ್ಲೋ ಕಾರ್ಕಳದಲ್ಲೋ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟ ಫೋನಿಗೆ ಬಂದು ಬಿದ್ದಿರುತ್ತದೆ. ಪರದೆಯ ಮೇಲೆ ಕಾಣುವ ಸಂಖ್ಯೆಯ ಕೊನೆಯ ಅಂಕಿಗಳನ್ನು ಮೊದಲು ಓದಿ; ಅವು ನಿಮ್ಮ ಸಂಖ್ಯೆಯವೇ ಎಂದು ಹೋಲಿಸಿ. ನಿಮ್ಮದಲ್ಲದಿದ್ದರೆ ಎಷ್ಟು ಸಲ 'ಮತ್ತೆ ಕಳುಹಿಸಿ' ಒತ್ತಿದರೂ ಪ್ರಯೋಜನವಿಲ್ಲ. ಪ್ರತಿ ಸಲ ಊರಿಗೆ ಫೋನ್ ಮಾಡಿ ಒಟಿಪಿ ಕೇಳುವುದು ಅಂದಿನ ಕೆಲಸ ಸಾಗಿಸಬಹುದು, ಆದರೆ ಯಾರು ಕೇಳಿದರೂ ಒಟಿಪಿ ಹೇಳುವ ಅಭ್ಯಾಸವನ್ನು ಮನೆಯ ಹಿರಿಯರಿಗೆ ಅದು ಕಲಿಸುತ್ತದೆ, ಮತ್ತು ವಂಚಕರಿಗೆ ಬೇಕಾದದ್ದೂ ಅದೇ. ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ನಿಮ್ಮದೇ ಸಂಖ್ಯೆಯನ್ನು ಸೇರಿಸಿಕೊಳ್ಳುವುದೇ ಇದಕ್ಕೆ ಸರಿಯಾದ ಪರಿಹಾರ.

ಸಂಖ್ಯೆ ನಿಮ್ಮದೇ ಆಗಿದ್ದರೆ ಸಿಗ್ನಲ್, ರೀಚಾರ್ಜ್ ಅವಧಿ, ತುಂಬಿಹೋದ ಇನ್‌ಬಾಕ್ಸ್ ನೋಡಿ. ಇತ್ತೀಚೆಗೆ ಸಿಮ್ ಬದಲಿಸಿದ್ದೀರಾ? ದೂರಸಂಪರ್ಕ ಇಲಾಖೆಯ ನಿಯಮದಂತೆ ಬದಲಿ ಸಿಮ್ ಚಾಲೂ ಆದ ಮೇಲೆ 24 ಗಂಟೆ ಕಾಲ ಎಸ್‌ಎಂಎಸ್ ಸೌಲಭ್ಯ ತಡೆದಿರುತ್ತದೆ. ನಿಮ್ಮ ಹೆಸರಿನಲ್ಲಿ ಬೇರೆಯವರು ಸಿಮ್ ಪಡೆದು ಖಾತೆಗಳನ್ನು ಖಾಲಿ ಮಾಡದಿರಲೆಂದೇ ಈ ತಡೆ. ಕಾಯುವುದೊಂದೇ ದಾರಿ, ಹಾಗಾಗಿ ಅರ್ಜಿಯ ಕೊನೆಯ ದಿನ ಸಿಮ್ ಬದಲಿಸಲು ಹೋಗಬೇಡಿ.

ಊರಿನ ಹಳೆಯ ಸಿಮ್ಮನ್ನು ರೀಚಾರ್ಜ್ ಮಾಡದೆ ಬಿಟ್ಟವರು ಇನ್ನೊಂದು ಅಪಾಯವನ್ನು ತಿಳಿದಿರಬೇಕು. ಶಾಶ್ವತವಾಗಿ ಕಡಿತಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನಗಳ ನಂತರ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಒಟಿಪಿ ಅಪರಿಚಿತರ ಕೈಸೇರುತ್ತದೆ. ಸಂಖ್ಯೆ ಬಿಡುವ ಮೊದಲು ಆಧಾರ್, ಬ್ಯಾಂಕು, ಕಾಲೇಜು, ಡಿಜಿಲಾಕರ್ ಎಲ್ಲ ಕಡೆಯಿಂದಲೂ ಅದನ್ನು ತೆಗೆಸಿ.

ಅಥೆಂಟಿಕೇಟರ್ ಆ್ಯಪ್‌ನ ಸಂಕೇತ ತಪ್ಪೆಂದು ಬಂದರೆ ಬೇರೆಯೇ ಪರೀಕ್ಷೆ. ಆ ಆರಂಕಿಯ ಸಂಕೇತ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಮತ್ತು ಅದನ್ನು ಲೆಕ್ಕ ಹಾಕುವುದು ಫೋನಿನ ಗಡಿಯಾರದಿಂದ. ಗಡಿಯಾರ ಕೆಲವು ನಿಮಿಷ ಹಿಂದೆ ಮುಂದೆ ಇದ್ದರೆ ಸಂಕೇತ ಎಂದಿಗೂ ಹೊಂದುವುದಿಲ್ಲ. ದಿನಾಂಕ ಮತ್ತು ಸಮಯವನ್ನು 'ಸ್ವಯಂಚಾಲಿತ' ಎಂದು ಬದಲಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಫೋನೇ ಕಳೆದುಹೋಗಿದ್ದರೆ ಮೊದಲೇ ಬರೆದಿಟ್ಟ ಬ್ಯಾಕಪ್ ಸಂಕೇತಗಳು ಬೇಕಾಗುತ್ತವೆ. ಗೂಗಲ್ ಇಂಥ 10 ಸಂಕೇತಗಳನ್ನು ಕೊಡುತ್ತದೆ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಅವೂ ಇಲ್ಲದಿದ್ದರೆ ಗುರುತಿನ ಚೀಟಿಯೊಂದಿಗೆ ಕಾಲೇಜಿನ ಐಟಿ ವಿಭಾಗಕ್ಕೆ ಖುದ್ದಾಗಿ ಹೋಗಬೇಕು.

ಲಕ್ಷಣ: ಲಾಗಿನ್ ಆಗುತ್ತದೆ, ಆದರೆ "ಹೆಸರು ಹೊಂದುತ್ತಿಲ್ಲ" ಎನ್ನುತ್ತದೆ

ಕನ್ನಡ ಕುಟುಂಬಗಳ ಮಕ್ಕಳನ್ನು ಅತಿ ಹೆಚ್ಚು ಅಲೆದಾಡಿಸುವ ದೋಷ ಇದು, ಮತ್ತು ಇದರಲ್ಲಿ ಆ ಮಕ್ಕಳ ತಪ್ಪು ಏನೂ ಇಲ್ಲ. ಕರ್ನಾಟಕದಲ್ಲಿ ಹೆಸರಿನ ಜೊತೆ ಇನಿಶಿಯಲ್ ಬರೆಯುವ ರೂಢಿ. ಮಹಾರಾಷ್ಟ್ರದ ಅರ್ಜಿಗಳು ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಮನೆ ಮಾಡಿ ಕೇಳುತ್ತವೆ, ತಾಯಿಯ ಹೆಸರನ್ನೂ ಸೇರಿಸುತ್ತವೆ. ಉದಾಹರಣೆಗೆ ಒಬ್ಬ ಹುಡುಗಿಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಸುಮಾ ಪಿ. ಎಚ್.' ಎಂದಿರುತ್ತದೆ, ಆಧಾರ್‌ನಲ್ಲಿ 'ಸುಮಾ ಪ್ರಕಾಶ್ ಹೊಸಮನಿ' ಎಂದಿರುತ್ತದೆ, ಕಾಲೇಜಿನ ದಾಖಲೆಯಲ್ಲಿ 'ಹೊಸಮನಿ ಸುಮಾ ಪ್ರಕಾಶ್ ಗೀತಾ' ಎಂದು ಸೇರಿಕೊಂಡಿರುತ್ತದೆ. ಮೂರೂ ಅವಳೇ ಎಂದು ಗುಮಾಸ್ತರಿಗೆ ನೋಡಿದ ಕೂಡಲೇ ತಿಳಿಯುತ್ತದೆ, ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳು. 'ಶೆಟ್ಟಿ', 'ಪೂಜಾರಿ', 'ಹಿರೇಮಠ' ಇತ್ಯಾದಿಗಳ ಇಂಗ್ಲಿಷ್ ಕಾಗುಣಿತ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇದ್ದರಂತೂ ತೊಡಕು ಇಮ್ಮಡಿಯಾಗುತ್ತದೆ.

ಇದರ ಪರಿಣಾಮ ಎದ್ದು ಕಾಣುವುದು ಎಬಿಸಿ ಐಡಿಯಲ್ಲಿ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರ ಜುಲೈನಲ್ಲಿ ಆರಂಭವಾದ ವ್ಯವಸ್ಥೆ. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಅದರಲ್ಲಿ ಜಮೆಯಾಗುತ್ತವೆ. ಡಿಜಿಲಾಕರ್ ಹೆಸರನ್ನು ಆಧಾರ್‌ನಿಂದ ಪಡೆಯುತ್ತದೆ, ವಿಶ್ವವಿದ್ಯಾಲಯ ತನ್ನ ದಾಖಲೆಯಿಂದ ಕಳುಹಿಸುತ್ತದೆ. ಎರಡೂ ಹೊಂದದಿದ್ದರೆ ಕ್ರೆಡಿಟ್ ಜಮೆಯಾಗುವುದು ನಿಂತುಹೋಗುತ್ತದೆ.

ಮೊದಲ ಪರೀಕ್ಷೆ ತೀರ ಸರಳ. ಎಬಿಸಿ ಐಡಿಯಲ್ಲೂ 12 ಅಂಕಿ, ಆಧಾರ್‌ನಲ್ಲೂ 12 ಅಂಕಿ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದವರು ಬಹಳ ಮಂದಿ. ನೀವು ಕೊಟ್ಟ ಸಂಖ್ಯೆ ಯಾವುದೆಂದು ನೋಡಿ. ಎರಡನೆಯದಾಗಿ, ಕರ್ನಾಟಕದಲ್ಲಿ ಪದವಿ ಮುಗಿಸಿ ಇಲ್ಲಿ ಸ್ನಾತಕೋತ್ತರ ಸೇರಿದವರಾದರೆ ಅಲ್ಲಿ ಮಾಡಿಸಿದ ಐಡಿಯೇ ಇಲ್ಲಿಗೂ ನಡೆಯುತ್ತದೆ. ಹೊಸದನ್ನು ಮಾಡಿಸಲು ಹೋಗಬೇಡಿ. ಮೂರನೆಯದಾಗಿ, ಐಡಿ ಸರಿಯಿದ್ದೂ ಕ್ರೆಡಿಟ್ ಕಾಣದಿದ್ದರೆ ವಿಶ್ವವಿದ್ಯಾಲಯ ಇನ್ನೂ ಏರಿಸಿಲ್ಲ ಎಂದಿರಬಹುದು. ಕ್ರೆಡಿಟ್ ಏರಿಸುವ ಅಧಿಕಾರ ಸಂಸ್ಥೆಗೆ ಮಾತ್ರ ಇದೆ. ವಿದ್ಯಾರ್ಥಿ ತಾನೇ ಅಂಕಪಟ್ಟಿ ಸಲ್ಲಿಸುವಂತಿಲ್ಲ.

ಇವೆಲ್ಲ ಸರಿಯಿದ್ದು ಹೆಸರೇ ಬೇರೆಯಾಗಿದ್ದರೆ, ಎಲ್ಲ ದಾಖಲೆಗಳನ್ನೂ ಒಂದು ಹಾಳೆಯ ಮೇಲೆ ಸಾಲಾಗಿ, ಇಂಗ್ಲಿಷ್ ಕಾಗುಣಿತ ಸಹಿತ, ಇದ್ದಂತೆಯೇ ಬರೆಯಿರಿ. ಎಲ್ಲಿ ತಪ್ಪಿದೆ ಎಂಬುದು ಆಗ ತಾನಾಗಿ ಕಾಣುತ್ತದೆ. ತಪ್ಪು ಕಾಲೇಜಿನ ದಾಖಲೆಯಲ್ಲಿದ್ದರೆ ಅದನ್ನೇ ಮೊದಲು ತಿದ್ದಿಸಿ, ಏಕೆಂದರೆ ಅದು ಅಗ್ಗ. ಒಂದು ಅರ್ಜಿ ಮತ್ತು ಮೂಲ ದಾಖಲೆಯ ಪ್ರತಿ ಸಾಕಾಗಬಹುದು. ಆಧಾರ್ ತಿದ್ದುಪಡಿಯನ್ನು ಮಾತ್ರ ಯೋಚಿಸಿ ಮಾಡಿ: ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಜನ್ಮದಿನಾಂಕವನ್ನು ಒಂದು ಸಲ ಬದಲಿಸಲು ಸಾಮಾನ್ಯವಾಗಿ ಅವಕಾಶವಿದೆ. ಸೈಬರ್ ಕೆಫೆಯವನ ಮಾತು ಕೇಳಿ ಅವಸರದಲ್ಲಿ ತಪ್ಪಾಗಿ ಬದಲಿಸಿದರೆ ಒಂದು ಅವಕಾಶ ವ್ಯರ್ಥವಾಗುತ್ತದೆ. ಶಾಲಾ ಅಂಕಪಟ್ಟಿ ಮುಂದೆ ಪಾಸ್‌ಪೋರ್ಟಿನವರೆಗೂ ಬೇಕಾಗುವ ದಾಖಲೆಯಾದ್ದರಿಂದ, ಉಳಿದವುಗಳನ್ನು ಅದಕ್ಕೆ ಹೊಂದಿಸುವುದು, ಇನಿಶಿಯಲ್‌ಗಳನ್ನು ವಿಸ್ತರಿಸಬೇಕಾದ ಕಡೆ ಎಲ್ಲೆಡೆ ಒಂದೇ ರೀತಿ ವಿಸ್ತರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಧಾರ್ ಬದಲಾದ ಮೇಲೆ ಡಿಜಿಲಾಕರ್‌ನ ಪ್ರೊಫೈಲಿನಲ್ಲಿ ಹೊಸ ಹೆಸರು ಬಂದಿದೆಯೇ ನೋಡಿ, ನಂತರವೇ ಕಾಲೇಜಿಗೆ ತಿಳಿಸಿ.

ಮಹಾರಾಷ್ಟ್ರದಲ್ಲೇ ನೆಲೆಸಿ ಮಹಾಡಿಬಿಟಿಯಿಂದ ವಿದ್ಯಾರ್ಥಿವೇತನ ಪಡೆಯುವ ಮಕ್ಕಳಲ್ಲಿ ಇದರದೇ ಇನ್ನೊಂದು ರೂಪ ಕಾಣುತ್ತದೆ: ಅರ್ಜಿ ಮಂಜೂರಾಗಿದೆ, ಹಣ ಬಂದಿಲ್ಲ. ಆಧಾರ್ ಆಧಾರಿತ ಪಾವತಿ ನೀವು ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಊರಿನ ಬ್ಯಾಂಕಿನಲ್ಲಿ ಎಂದೋ ತೆರೆದು ಮರೆತ ಖಾತೆಯಲ್ಲಿ ಹಣ ಇದ್ದರೂ ಇರಬಹುದು.

ಲಕ್ಷಣ: ಇಮೇಲ್ ತೆರೆಯುತ್ತದೆ, ಗ್ರಂಥಾಲಯದ ಪತ್ರಿಕೆಗಳು ತೆರೆಯುವುದಿಲ್ಲ

ಕ್ಯಾಂಪಸ್ಸಿನಲ್ಲಿ ತೆರೆದು ಡೊಂಬಿವಿಲಿಯ ಮನೆಯಲ್ಲಿ ತೆರೆಯದಿದ್ದರೆ, ಪ್ರಕಾಶಕರು ನಿಮ್ಮನ್ನು ಗುರುತಿಸುತ್ತಿದ್ದದ್ದು ಕ್ಯಾಂಪಸ್ಸಿನ ಇಂಟರ್‌ನೆಟ್ ವಿಳಾಸದಿಂದ ಎಂದರ್ಥ. ಮನೆಯಿಂದ ಓದಲು ಇನ್‌ಫ್ಲಿಬ್‌ನೆಟ್‌ನ (ವಿಶ್ವವಿದ್ಯಾಲಯ ಗ್ರಂಥಾಲಯಗಳ ರಾಷ್ಟ್ರೀಯ ಜಾಲ ಕೇಂದ್ರ) ಲಾಗಿನ್ ಸೇವೆಯಾದ ಇನ್‌ಫೆಡ್ ಮೂಲಕ ಹೋಗಿ ನಿಮ್ಮ ಸಂಸ್ಥೆಯನ್ನು ಆರಿಸಿ ಲಾಗಿನ್ ಆಗಬೇಕು. ಆ ಖಾತೆಯನ್ನು ಕೊಡುವವರು ಗ್ರಂಥಪಾಲಕರು. 2025ರ ಜನವರಿ 1ರಿಂದ ಜಾರಿಯಲ್ಲಿರುವ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ (ಸಂಶೋಧನಾ ಪತ್ರಿಕೆಗಳಿಗೆ ಕೇಂದ್ರ ಸರ್ಕಾರದ ಒಟ್ಟು ಚಂದಾ) ಮೊದಲ ಹಂತದಲ್ಲಿ ಸರ್ಕಾರಿ ಆಡಳಿತದ ಉನ್ನತ ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಖಾಸಗಿ ಕಾಲೇಜಿನ ವಿದ್ಯಾರ್ಥಿಗೆ ಅಲ್ಲಿ ಪ್ರವೇಶ ಸಿಗದಿದ್ದರೆ ಅದನ್ನು ಖಾತೆಯ ದೋಷವೆಂದು ಹುಡುಕುತ್ತಾ ಕೂರಬೇಡಿ.

ಲಕ್ಷಣ: ಕೋರ್ಸ್ ಮುಗಿಯಿತು, ಖಾತೆಯೂ ಮುಚ್ಚಿತು

ತಡಮಾಡದೆ ಅಂದೇ ಕಾಲೇಜಿಗೆ ಬರೆಯಿರಿ. ಅಳಿಸಿದ ಬಳಕೆದಾರರ ಖಾತೆಯನ್ನು ಗೂಗಲ್‌ನಲ್ಲಿ 20 ದಿನಗಳೊಳಗೆ, ಮೈಕ್ರೋಸಾಫ್ಟ್‌ನಲ್ಲಿ 30 ದಿನಗಳೊಳಗೆ ಅಡ್ಮಿನ್ ಮರಳಿ ತರಬಲ್ಲರು; ಆಮೇಲೆ ಅವರ ಕೈಯಲ್ಲೂ ಇಲ್ಲ. ಕೊನೆಯ ಸೆಮಿಸ್ಟರಿನಲ್ಲಿರುವವರು ಪ್ರಬಂಧ, ಪ್ರಾಜೆಕ್ಟ್ ಕಡತಗಳನ್ನು ಈಗಲೇ ಇಳಿಸಿಕೊಳ್ಳಿ, ಮತ್ತು ಕಾಲೇಜಿನ ಇಮೇಲ್ ಕೊಟ್ಟು ತೆರೆದ ಉದ್ಯೋಗ ತಾಣಗಳಲ್ಲಿ ಸ್ವಂತ ವಿಳಾಸಕ್ಕೆ ಬದಲಿಸಿಕೊಳ್ಳಿ.

ಲಕ್ಷಣ: ನೀವು ಕೇಳದೆಯೇ ಲಾಗಿನ್ ಅನುಮತಿಯ ಕೋರಿಕೆ ಬರುತ್ತಿದೆ, ಅಪರಿಚಿತ ಸಾಧನ ಕಾಣುತ್ತಿದೆ

ಇಲ್ಲಿ ಸ್ವಂತ ಪ್ರಯೋಗಗಳನ್ನು ನಿಲ್ಲಿಸಬೇಕು. ಕೇಳದ ಕೋರಿಕೆ ಫೋನಿಗೆ ಬಂದರೆ ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕಿರುವ ಸಂಭವ ಹೆಚ್ಚು, ಎರಡನೆಯ ಹಂತವೊಂದೇ ಅವರನ್ನು ತಡೆದಿದೆ. ಕಿರಿಕಿರಿಯಿಂದ ಒಮ್ಮೆ 'ಹೌದು' ಒತ್ತಿದರೂ ಅವರು ಒಳಗೆ ಬಂದಂತೆಯೇ. ನಂಬಿಕೆಯ ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಆಮೇಲೆ ಇಮೇಲಿನ ಸೆಟ್ಟಿಂಗ್‌ಗಳಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಭಾಗವನ್ನು ತಪ್ಪದೆ ನೋಡಿ, ಏಕೆಂದರೆ ಒಳಹೊಕ್ಕವನು ನಿಮ್ಮ ಪತ್ರಗಳ ಪ್ರತಿ ತನಗೆ ಬರುವಂತೆ ನಿಯಮ ಬರೆದಿಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ನಡೆಯುತ್ತಲೇ ಇರುತ್ತದೆ. ಮರುಪಡೆಯುವ ಫೋನ್ ಮತ್ತು ಇಮೇಲ್ ನಿಮ್ಮವೇ ಎಂದು ಖಚಿತಪಡಿಸಿಕೊಳ್ಳಿ. ಪ್ರವೇಶದ ಅರ್ಜಿಯನ್ನು ಸೈಬರ್ ಕೆಫೆಯಲ್ಲಿ ತುಂಬಿಸಿದ್ದರೆ ಅಲ್ಲಿನವರು ತಮ್ಮದೇ ಇಮೇಲ್ ಕೊಟ್ಟಿರುವುದುಂಟು.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ. ಕಾಲೇಜಿಗೆ ಲಿಖಿತವಾಗಿ ತಿಳಿಸುವುದನ್ನೂ ಬಿಡಬೇಡಿ, ನಿಮ್ಮ ಖಾತೆಯಿಂದ ಸಹಪಾಠಿಗಳಿಗೆ ಮೋಸದ ಪತ್ರಗಳು ಹೋಗುತ್ತಿರಬಹುದು.

ಸಹಾಯ ಕೇಳುವಾಗ

ದೂರಿನಲ್ಲಿ ಪೂರ್ಣ ಹೆಸರು, ಪಿಆರ್‌ಎನ್, ಯಾವ ಖಾತೆ, ಯಾವ ಸೂಚನೆ, ಯಾವ ಸಮಯ, ಈವರೆಗೆ ಏನೇನು ಪರೀಕ್ಷಿಸಿದಿರಿ ಎಂಬುದನ್ನು ಬರೆಯಿರಿ. ಮರಾಠಿ, ಹಿಂದಿಯಲ್ಲಿ ವಿವರಿಸಲು ಹಿಂಜರಿಕೆ ಇರುವವರಿಗೆ ಈ ಕಾಗದವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಪಾಸ್‌ವರ್ಡನ್ನೂ ಒಟಿಪಿಯನ್ನೂ ಯಾರಿಗೂ ಬರೆದು ಕಳುಹಿಸಬೇಡಿ. ನಿಜವಾದ ಸಿಬ್ಬಂದಿಗೆ ಅವು ಬೇಕಾಗುವುದೇ ಇಲ್ಲ. ಆಧಾರ್ ಪ್ರತಿ ಕೇಳಿದರೆ, ಕೊನೆಯ 4 ಅಂಕಿಗಳಷ್ಟೇ ಕಾಣುವ ಮಾಸ್ಕ್ ಮಾಡಿದ ಪ್ರತಿ ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಿ.

ಪರೀಕ್ಷಾ ಅರ್ಜಿಯ ಗಡುವು ಹತ್ತಿರವಿದ್ದು ಖಾತೆ ಸರಿಯಾಗುವ ಸೂಚನೆ ಇಲ್ಲದಿದ್ದರೆ, ದೂರಿನ ಸಂಖ್ಯೆ ಮತ್ತು ಸ್ಕ್ರೀನ್‌ಶಾಟ್ ಲಗತ್ತಿಸಿ ಪ್ರಾಂಶುಪಾಲರಿಗೆ ಪ್ರತ್ಯೇಕ ಪತ್ರ ಕೊಟ್ಟು, ಅರ್ಜಿಯನ್ನು ಕಚೇರಿಯ ಮೂಲಕ ಸ್ವೀಕರಿಸುವಂತೆ ಗಡುವಿಗೆ ಮೊದಲೇ ಕೇಳಿ. ಆ ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.